ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್ ಯಾರ ಕೈಗೆ ಸಿಗುತ್ತದೆ?

ಬ್ರೌಸರಿನಲ್ಲಿ ಪಾಸ್‌ವರ್ಡ್ ಉಳಿಸಿಡಬಹುದೇ ಎಂದು ಕೇಳುವವರಿಗೆ ನಾನು ಮೊದಲು ತಿರುಗಿ ಕೇಳುವುದು, ಆ ಕಂಪ್ಯೂಟರಿನ ಮುಂದೆ ಯಾರು ಯಾರು ಕೂರುತ್ತಾರೆ ಎಂದು. ಒಬ್ಬರೇ ಬಳಸುವ ಯಂತ್ರಕ್ಕೆ ಒಂದು ಉತ್ತರ, ಪಾಳಿಯ ಮೇಲೆ ನಾಲ್ಕು ಜನ ಬಳಸುವ ಯಂತ್ರಕ್ಕೆ ಬೇರೆಯೇ ಉತ್ತರ. ಮುಂಬಯಿಯಲ್ಲಿ ನಮ್ಮವರ ಹೋಟೆಲು, ಮುದ್ರಣಾಲಯ, ಸಣ್ಣ ಕಚೇರಿ, ಸಂಘಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಇಲ್ಲಿ ಹೆಚ್ಚಾಗಿ ಕಾಣುವುದು ಎರಡನೆಯ ಬಗೆಯ ಯಂತ್ರವೇ.

ಮಾಟುಂಗದ ಒಂದು ಉಡುಪಿ ಹೋಟೆಲನ್ನು ತೆಗೆದುಕೊಳ್ಳಿ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದೇ ಕಂಪ್ಯೂಟರ್. ಬಿಲ್ಲು ಮಾಡುವುದು ಅದರಲ್ಲಿ, ಜಿಎಸ್‌ಟಿ ಲೆಕ್ಕ ಸಲ್ಲಿಸುವುದು ಅದರಲ್ಲಿ, ಮನೆಗೆ ಊಟ ತಲುಪಿಸುವ ಆ್ಯಪ್‌ಗಳ ಆರ್ಡರ್ ಬರುವುದೂ ಅದಕ್ಕೇ. ವಿದ್ಯುತ್ ಬಿಲ್ಲು, ಗ್ಯಾಸು, ಪರವಾನಗಿ ನವೀಕರಣ, ಬ್ಯಾಂಕು, ಧಣಿಗಳ ಇ-ಮೇಲ್, ಎಲ್ಲದರ ಪಾಸ್‌ವರ್ಡ್ ಕ್ರೋಮ್‌ನಲ್ಲಿ ಉಳಿದಿದೆ. ವಿಂಡೋಸ್‌ಗೆ ಮಾತ್ರ ಪಾಸ್‌ವರ್ಡ್ ಇಲ್ಲ. "ಹಾಕಿದರೆ ಬೆಳಗಿನ ಪಾಳಿಯವರು ಐದು ಗಂಟೆಗೇ ನನ್ನನ್ನು ಎಬ್ಬಿಸುತ್ತಾರೆ ಮಾರಾಯರೇ" ಎಂದರು ಧಣಿಗಳು. ಅವರ ಕಷ್ಟ ನಿಜವಾದದ್ದು. ಆದರೆ ಅಲ್ಲಿ ಇಲ್ಲದಿರುವ ಆ ಒಂದು ಪಾಸ್‌ವರ್ಡಿನ ಮೇಲೆಯೇ ಉಳಿದ ಅಷ್ಟೂ ಪಾಸ್‌ವರ್ಡುಗಳ ಭದ್ರತೆ ನಿಂತಿದೆ. ಇದು ತಿಳಿಯಬೇಕಾದರೆ ಬ್ರೌಸರ್ ಅವುಗಳನ್ನು ಎಲ್ಲಿ, ಹೇಗೆ ಇಡುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಡಿಸ್ಕಿನ ಮೇಲೆ ಇರುವುದೇನು

ವಿಂಡೋಸ್ ಯಂತ್ರದಲ್ಲಿ ಕ್ರೋಮ್ ನಿಮ್ಮ ಹೆಸರಿನ ಫೋಲ್ಡರಿನ ಒಳಗೆಲ್ಲೋ 'ಲಾಗಿನ್ ಡೇಟಾ' ಎಂಬ ಕಡತವನ್ನು ಇಟ್ಟುಕೊಂಡಿರುತ್ತದೆ. ಅದು ಎಸ್‌ಕ್ಯೂಲೈಟ್ ಮಾದರಿಯ ಕೋಷ್ಟಕ. ಸಾಲಿಗೊಂದು ಖಾತೆ: ಜಾಲತಾಣದ ವಿಳಾಸ, ಬಳಕೆದಾರನ ಹೆಸರು, ಪಾಸ್‌ವರ್ಡ್. ಮೊದಲಿನ ಎರಡು ಯಾರು ಬೇಕಾದರೂ ಓದುವಂತೆ ಇರುತ್ತವೆ. ಪಾಸ್‌ವರ್ಡ್ ಮಾತ್ರ ಗೂಢಲಿಪಿಯಲ್ಲಿರುತ್ತದೆ. 2020ರಲ್ಲಿ ಬಂದ ಕ್ರೋಮ್ 80ನೇ ಆವೃತ್ತಿಯಿಂದ ಇದಕ್ಕೆ ಎಇಎಸ್ ಎಂಬ ವಿಧಾನವನ್ನು 256 ಬಿಟ್‌ಗಳ ಕೀಲಿಕೈಯೊಂದಿಗೆ ಬಳಸುತ್ತಿದ್ದಾರೆ. ಆ ಗೂಢಲಿಪಿಯನ್ನು ನೇರವಾಗಿ ಒಡೆಯುವುದು ಇಂದಿನ ಯಾವ ಕಂಪ್ಯೂಟರಿಗೂ ಆಗದ ಕೆಲಸ. ಕಳ್ಳರು ಅದರ ತಂಟೆಗೇ ಹೋಗುವುದಿಲ್ಲ. ಅವರು ಹುಡುಕುವುದು ಕೀಲಿಕೈಯನ್ನು.

ಕೀಲಿಕೈ ಇರುವುದು ಅಲ್ಲೇ ಹತ್ತಿರದ 'ಲೋಕಲ್ ಸ್ಟೇಟ್' ಎಂಬ ಇನ್ನೊಂದು ಕಡತದಲ್ಲಿ. ಅದನ್ನೂ ತೆರೆದಿಟ್ಟಿರುವುದಿಲ್ಲ. ವಿಂಡೋಸ್ ತನ್ನೊಳಗಿನ ಡಿಪಿಎಪಿಐ ಎಂಬ ವ್ಯವಸ್ಥೆಯಿಂದ ಅದನ್ನು ಮತ್ತೊಮ್ಮೆ ಮುಚ್ಚಿಡುತ್ತದೆ. ಈ ಮುಚ್ಚಳ ನಿಮ್ಮ ವಿಂಡೋಸ್ ಲಾಗಿನ್‌ಗೆ ಅಂಟಿಕೊಂಡಿದೆ. ನೀವು ಲಾಗಿನ್ ಆಗುವವರೆಗೆ ತೆರೆಯುವುದಿಲ್ಲ. ಲಾಗಿನ್ ಆದ ಮೇಲೆ, ನಿಮ್ಮ ಹೆಸರಿನಲ್ಲಿ ಓಡುವ ಪ್ರೋಗ್ರಾಂ ಕೇಳಿದರೆ ವಿಂಡೋಸ್ ತೆರೆದು ಕೊಡುತ್ತದೆ. ಕೇಳಿದ್ದು ಕ್ರೋಮೋ ಬೇರೊಂದೋ ಎಂದು ವಿಚಾರಿಸುವುದು ಆ ವ್ಯವಸ್ಥೆಯ ಕೆಲಸವಲ್ಲ. ಕಪಾಟಿಗೆ ಗಟ್ಟಿ ಬೀಗ ಹಾಕಿ ಬೀಗದ ಕೈಯನ್ನು ಅದೇ ಕೋಣೆಯ ಮೊಳೆಗೆ ನೇತುಹಾಕಿದ ಹಾಗೆ ಇದು: ಮನೆಯ ಬಾಗಿಲು ಮುಚ್ಚಿರುವವರೆಗೆ ಕಪಾಟು ಭದ್ರ, ಒಳಗೆ ಬಂದವನಿಗೆ ಬೀಗ ಲೆಕ್ಕಕ್ಕಿಲ್ಲ.

ಹಾಗೆಂದು ಈ ಏರ್ಪಾಟು ನಿರುಪಯೋಗಿಯಲ್ಲ. ಯಾರೋ 'ಲಾಗಿನ್ ಡೇಟಾ' ಕಡತವನ್ನು ಮಾತ್ರ ಪೆನ್‌ಡ್ರೈವಿಗೆ ನಕಲಿಸಿಕೊಂಡು ಹೋದರೆ ಅವರಿಗೆ ಖಾತೆಗಳ ಹೆಸರು ಸಿಕ್ಕೀತು, ಪಾಸ್‌ವರ್ಡ್ ಸಿಗದು. ಲ್ಯಾಪ್‌ಟಾಪ್ ಕಳವಾಗಿ, ಕಳ್ಳ ಅದರ ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿದರೂ ಹಾಗೆಯೇ. ಆದರೆ ಇದೆಲ್ಲ ವಿಂಡೋಸ್‌ಗೆ ಗಟ್ಟಿಯಾದ ಪಾಸ್‌ವರ್ಡ್ ಇದ್ದಾಗಿನ ಮಾತು. ಅದು ಖಾಲಿ ಇದ್ದರೆ ಡಿಪಿಎಪಿಐಯ ಮುಚ್ಚಳವೂ ಹೆಸರಿಗೆ ಮಾತ್ರ. ಮಾಟುಂಗದ ಆ ಯಂತ್ರದ ಸ್ಥಿತಿ ಇದೇ ಆಗಿತ್ತು.

ಮ್ಯಾಕ್‌ನಲ್ಲಿ ಕ್ರೋಮ್‌ನ ಕೀಲಿಕೈ ಕೀಚೈನ್ ಎಂಬ ಆಪಲ್‌ನ ಭಂಡಾರದಲ್ಲಿರುತ್ತದೆ. ಬೇರೆ ಪ್ರೋಗ್ರಾಂ ಕೈ ಹಾಕಿದರೆ ಮ್ಯಾಕ್ ಬಳಕೆದಾರನ ಪಾಸ್‌ವರ್ಡ್ ಕೇಳುವ ಚೌಕಟ್ಟು ಮೂಡುತ್ತದೆ. ಹಾಗಾಗಿ ಮ್ಯಾಕ್‌ಗೆಂದು ಬರೆದ ಕಳ್ಳ ತಂತ್ರಾಂಶಗಳು ಮೊದಲು ಮಾಡುವುದೇ, ಯಾವುದೋ ನೆಪ ಹೂಡಿ ಆ ಪಾಸ್‌ವರ್ಡನ್ನು ನಿಮ್ಮಿಂದಲೇ ಬರೆಸಿಕೊಳ್ಳುವುದು.

ಫೈರ್‌ಫಾಕ್ಸ್‌ನ ದಾರಿ ಬೇರೆ. ಅದು ಪಾಸ್‌ವರ್ಡುಗಳನ್ನು ಒಂದು ಕಡತದಲ್ಲೂ ಕೀಲಿಕೈಯನ್ನು ಇನ್ನೊಂದರಲ್ಲೂ ಇಡುತ್ತದೆ. ಇವಕ್ಕೆ ವಿಂಡೋಸ್ ಲಾಗಿನ್‌ನ ಆಸರೆ ಇಲ್ಲ. 'ಪ್ರೈಮರಿ ಪಾಸ್‌ವರ್ಡ್' ಇಟ್ಟಿರದಿದ್ದರೆ ಎರಡೂ ಕಡತಗಳನ್ನು ನಕಲಿಸಿಕೊಂಡವನು ತನ್ನ ಯಂತ್ರದಲ್ಲಿ ಸಲೀಸಾಗಿ ತೆರೆಯಬಲ್ಲ. ಇಟ್ಟರೆ ಮಾತ್ರ, ಆ ಪಾಸ್‌ವರ್ಡ್ ನಿಮ್ಮ ತಲೆಯಲ್ಲಿ ಇರುವುದರಿಂದ, ಕಡತಗಳು ಕಳವಾದರೂ ಅವುಗಳನ್ನು ತೆರೆಯುವುದು ಕಷ್ಟ. ಹಿಂದೆ ಮಾಸ್ಟರ್ ಪಾಸ್‌ವರ್ಡ್ ಎನಿಸಿಕೊಳ್ಳುತ್ತಿದ್ದ ಈ ಸೌಲಭ್ಯ ತಾನಾಗಿ ಚಾಲೂ ಆಗಿರುವುದಿಲ್ಲ. ಸೆಟ್ಟಿಂಗ್ಸ್‌ನ ಗೌಪ್ಯತೆ ಮತ್ತು ಭದ್ರತೆಯ ವಿಭಾಗಕ್ಕೆ ಹೋಗಿ ನಾವೇ ಹಾಕಬೇಕು. ಫೈರ್‌ಫಾಕ್ಸ್ ಬಳಸುವವರು ಈ ಲೇಖನದಿಂದ ಇದೊಂದನ್ನು ಮಾಡಿದರೂ ಸಾಕು ಎನ್ನುವಷ್ಟು ಇದು ಮುಖ್ಯ.

ಕ್ರೋಮ್‌ಗೆ ಇಂಥ ಪಾಸ್‌ವರ್ಡ್ ಏಕಿಲ್ಲ ಎಂಬುದು ಹಳೆಯ ಜಗಳ. 2013ರಲ್ಲಿ ಒಬ್ಬ ತಂತ್ರಾಂಶ ಅಭಿವರ್ಧಕ ಇದನ್ನು ಬಹಿರಂಗವಾಗಿ ಎತ್ತಿದಾಗ, ನಿಮ್ಮ ಲಾಗಿನ್ ಒಳಗೆ ಬಂದವನಿಂದ ಬ್ರೌಸರ್ ಏನನ್ನೂ ಕಾಪಾಡಲಾರದು, ಕಾಪಾಡಿದಂತೆ ತೋರಿಸಿಕೊಂಡರೆ ಜನ ಮೈಮರೆಯುತ್ತಾರೆ ಎಂಬ ಧಾಟಿಯಲ್ಲಿ ಕ್ರೋಮ್‌ನ ಭದ್ರತಾ ವಿಭಾಗ ಉತ್ತರಿಸಿತ್ತು. ತರ್ಕದ ಮಟ್ಟಿಗೆ ಆ ಮಾತು ಸರಿ. ಆದರೆ ಗಲ್ಲಾಪೆಟ್ಟಿಗೆಯ ಹಿಂದೆ ನಿಂತು ನೋಡಿದರೆ ಅಷ್ಟು ಸಾಲದು. ಅಲ್ಲಿ ಕಣ್ಣು ಹಾಯಿಸುವವನು ಪರಿಣತ ಕಳ್ಳನಲ್ಲ, ಕುತೂಹಲದ ಒಬ್ಬ ಹುಡುಗ. ಅವನನ್ನು ತಡೆಯಲು ಸಣ್ಣ ಅಡ್ಡಿಯೂ ಸಾಕಾಗುತ್ತದೆ. ಮುಂದೆ ಕ್ರೋಮ್ ಕೂಡ ಪಾಸ್‌ವರ್ಡ್ ತೋರಿಸುವ ಮೊದಲು ವಿಂಡೋಸ್ ಪಾಸ್‌ವರ್ಡನ್ನೋ ಪಿನ್ನನ್ನೋ ಕೇಳತೊಡಗಿತು.

2024ರ ಜುಲೈಯಲ್ಲಿ ಬಂದ 127ನೇ ಆವೃತ್ತಿಯಿಂದ ವಿಂಡೋಸ್‌ನಲ್ಲಿ ಕ್ರೋಮ್ ಇನ್ನೊಂದು ಪದರವನ್ನು ಸೇರಿಸುತ್ತಿದೆ. ಕೀಲಿಕೈಯನ್ನು ಕೇಳುತ್ತಿರುವುದು ಕ್ರೋಮೇ ಹೌದೇ ಎಂದು ಹೆಚ್ಚಿನ ಅಧಿಕಾರವಿರುವ ಒಂದು ಸೇವೆ ಪರಿಶೀಲಿಸುತ್ತದೆ. ಮೊದಲು ಈ ರಕ್ಷಣೆ ಸಿಕ್ಕಿದ್ದು ಕುಕೀಗಳಿಗೆ, ಅಂದರೆ ನಿಮ್ಮನ್ನು ಗುರುತಿಸಲೆಂದು ಜಾಲತಾಣಗಳು ಬ್ರೌಸರಿನಲ್ಲಿ ಇಡುವ ಚೀಟಿಗಳಿಗೆ. ಕೆಲವೇ ತಿಂಗಳಲ್ಲಿ ಕಳ್ಳ ತಂತ್ರಾಂಶಗಳ ತಯಾರಕರು ಇದನ್ನು ದಾಟುವ ಉಪಾಯಗಳನ್ನೂ ಕಂಡುಕೊಂಡರು. ಹಾಗಿದ್ದರೂ ಇದು ವ್ಯರ್ಥವಲ್ಲ. ಮೊದಲು ಸದ್ದಿಲ್ಲದೆ ಮುಗಿಯುತ್ತಿದ್ದ ಕಳವಿಗೆ ಈಗ ಹೆಚ್ಚು ಸದ್ದು ಮಾಡಬೇಕಾಗುತ್ತದೆ, ಆ ಸದ್ದನ್ನು ಆ್ಯಂಟಿವೈರಸ್ ಹಿಡಿಯುವ ಸಾಧ್ಯತೆ ಹೆಚ್ಚುತ್ತದೆ. ಬ್ರೌಸರನ್ನು ಹೊಸ ಆವೃತ್ತಿಗೆ ಏರಿಸುತ್ತಿರಿ ಎಂದು ನಾನು ಹೋದಲ್ಲೆಲ್ಲ ಹೇಳುವುದು ಇದಕ್ಕೇ.

ಎದುರು ಕೂತವನು

ಕಂಪ್ಯೂಟರಿಗೆ ಲಾಗಿನ್ ಆಗಿ ಎದ್ದುಹೋದರೆ ಪಕ್ಕದವನು ಏನು ಮಾಡಬಲ್ಲ? ಪಾಸ್‌ವರ್ಡ್ ಪಟ್ಟಿಗೆ ಹೋಗಿ ಕಣ್ಣಿನ ಚಿಹ್ನೆಯನ್ನು ಒತ್ತಿದರೆ ವಿಂಡೋಸ್ ಪಿನ್ ಕೇಳುತ್ತದೆ. ವಿಂಡೋಸ್‌ಗೆ ಪಾಸ್‌ವರ್ಡೇ ಇಲ್ಲದಿದ್ದರೆ ಆ ತಡೆಯೂ ಇಲ್ಲ. ಪಿನ್ ಇದ್ದರೂ ಇನ್ನೊಂದು ದಾರಿ ಉಳಿದಿದೆ. ಜಾಲತಾಣದ ಲಾಗಿನ್ ಪುಟವನ್ನು ತೆರೆದರೆ ಬ್ರೌಸರ್ ತಾನೇ ಪಾಸ್‌ವರ್ಡ್ ತುಂಬುತ್ತದೆ, ಪರದೆಯ ಮೇಲೆ ಚುಕ್ಕಿಗಳು ಕಾಣುತ್ತವೆ. ಆ ಚುಕ್ಕಿಗಳು ಬರೀ ತೋರಿಕೆ. ಪುಟದ ಒಳರಚನೆಯನ್ನು ನೋಡುವ ಸೌಲಭ್ಯ ಎಲ್ಲ ಬ್ರೌಸರುಗಳಲ್ಲಿದೆ. ಅಲ್ಲಿ ಆ ಪೆಟ್ಟಿಗೆಯ ಬಗೆಯನ್ನು 'ಪಾಸ್‌ವರ್ಡ್' ಎಂಬುದರಿಂದ 'ಟೆಕ್ಸ್ಟ್' ಎಂದು ತಿದ್ದಿದರೆ ಚುಕ್ಕಿಗಳು ಅಕ್ಷರಗಳಾಗುತ್ತವೆ. ಹೋಟೆಲಿನ ಧಣಿಗಳಿಗೆ ನಾನು ಅವರ ಯಂತ್ರದಲ್ಲೇ ಇದನ್ನು ಮಾಡಿ ತೋರಿಸಿದೆ. ತಮ್ಮ ಇ-ಮೇಲಿನ ಪಾಸ್‌ವರ್ಡನ್ನು ಪರದೆಯ ಮೇಲೆ ಓದಿದ ಮೇಲೆ ಅವರು ಬೆಳಗಿನ ಫೋನಿನ ವಿಚಾರ ಎತ್ತಲಿಲ್ಲ.

ಇದಕ್ಕೆ ಸ್ವಲ್ಪ ಮಟ್ಟಿಗೆ ಪರಿಹಾರ ಕ್ರೋಮ್‌ನ ಪಾಸ್‌ವರ್ಡ್ ಸೆಟ್ಟಿಂಗ್ಸ್‌ನಲ್ಲೇ ಇದೆ. ಪಾಸ್‌ವರ್ಡ್ ತುಂಬುವಾಗಲೂ ವಿಂಡೋಸ್ ಹಲೋ, ಅಂದರೆ ಪಿನ್, ಬೆರಳಚ್ಚು ಅಥವಾ ಮುಖ ಕೇಳುವಂತೆ ಮಾಡಬಹುದು. ಎದುರು ಕೂತವನಿಗೆ ಇದು ಒಳ್ಳೆಯ ತಡೆ. ಯಂತ್ರದೊಳಗೆ ಹೊಕ್ಕ ಕಳ್ಳ ತಂತ್ರಾಂಶಕ್ಕೆ ಇದರಿಂದ ಏನೂ ಆಗುವುದಿಲ್ಲ, ಅದು ನೇರವಾಗಿ ಕಡತಕ್ಕೇ ಹೋಗುತ್ತದೆ.

ಪಾಳಿಯ ಯಂತ್ರಕ್ಕೆ ಸರಿಯಾದ ಮದ್ದು, ವಿಂಡೋಸ್‌ನಲ್ಲಿ ಎರಡು ಬೇರೆ ಬೇರೆ ಬಳಕೆದಾರರನ್ನು ಮಾಡುವುದು. ಮಾಟುಂಗದಲ್ಲಿ ಹಾಗೆಯೇ ಮಾಡಿದೆವು. ಒಂದು ಪಾಳಿಯವರದು. ಅದರಲ್ಲಿ ಬಿಲ್ಲಿನ ಪ್ರೋಗ್ರಾಂ ಮತ್ತು ಊಟದ ಆರ್ಡರ್ ಬರುವ ಖಾತೆ ಮಾತ್ರ. ಅದರ ಪಿನ್ ಬೆಳಗಿನವರಿಗೂ ರಾತ್ರಿಯವರಿಗೂ ಗೊತ್ತು, ಹಾಗಾಗಿ ಧಣಿಗಳ ನಿದ್ದೆ ಕೆಡುವುದಿಲ್ಲ. ಇನ್ನೊಂದು ಧಣಿಗಳದು. ಬ್ಯಾಂಕು, ಜಿಎಸ್‌ಟಿ, ಇ-ಮೇಲ್ ಅದರೊಳಗೆ. ಪಾಳಿಯ ಬಳಕೆದಾರನಿಗೆ ಆಡಳಿತಗಾರನ ಅಧಿಕಾರ ಕೊಟ್ಟಿಲ್ಲ. ಡಿಪಿಎಪಿಐಯ ಮುಚ್ಚಳ ಬಳಕೆದಾರನಿಂದ ಬಳಕೆದಾರನಿಗೆ ಬೇರೆಯಾದ್ದರಿಂದ, ಪಾಳಿಯ ಲಾಗಿನ್‌ನಲ್ಲಿ ಏನಾದರೂ ಹೊಕ್ಕರೂ ಧಣಿಗಳ ಪಾಸ್‌ವರ್ಡುಗಳಿಗೆ ಕೈ ಚಾಚುವುದು ಅದಕ್ಕೆ ಸುಲಭವಲ್ಲ. ಧಣಿಗಳು ಎದ್ದುಹೋಗುವಾಗ ವಿಂಡೋಸ್ ಗುಂಡಿಯನ್ನು ಎಲ್ ಜೊತೆ ಒತ್ತಿದರೆ ಪರದೆ ಮುಚ್ಚಿಕೊಳ್ಳುತ್ತದೆ.

ಇಲ್ಲಿ ಹಲವರು ಕ್ರೋಮ್‌ನ ಪ್ರೊಫೈಲುಗಳನ್ನೇ ನಂಬುತ್ತಾರೆ. ಬಣ್ಣ ಬೇರೆ, ಹೆಸರು ಬೇರೆ, ಆದ್ದರಿಂದ ಗೋಡೆಯೂ ಇದೆ ಎಂದು ತಿಳಿಯುತ್ತಾರೆ. ಪ್ರೊಫೈಲುಗಳು ವಿಂಗಡಣೆಗೆ ಇರುವಂಥವು. ಒಂದೇ ವಿಂಡೋಸ್ ಲಾಗಿನ್‌ನೊಳಗೆ ಒಂದರಿಂದ ಇನ್ನೊಂದಕ್ಕೆ ಯಾರು ಬೇಕಾದರೂ ಒಂದು ಕ್ಲಿಕ್ಕಿನಲ್ಲಿ ದಾಟಬಹುದು.

ಪಾಳಿಯ ಯಂತ್ರದಲ್ಲಿ ಇನ್ನೊಂದು ತೊಡಕಿದೆ, ಇದರಲ್ಲಿ ಯಾರ ಕೆಟ್ಟ ಉದ್ದೇಶವೂ ಇರುವುದಿಲ್ಲ. ಮ್ಯಾನೇಜರ್ ತನ್ನ ಸ್ವಂತ ಗೂಗಲ್ ಖಾತೆಯಿಂದ ಹೋಟೆಲಿನ ಕ್ರೋಮ್‌ಗೆ ಸೈನ್ ಇನ್ ಆಗುತ್ತಾನೆ. ಪಾಸ್‌ವರ್ಡ್ ಉಳಿಸಲೇ ಎಂದು ಬ್ರೌಸರ್ ಕೇಳಿದಾಗಲೆಲ್ಲ ಹೌದು ಎನ್ನುತ್ತಾನೆ. ಅವು ಹೋಗಿ ಸೇರುವುದು ಅವನ ಖಾತೆಗೆ. ಎರಡು ವರ್ಷದ ಮೇಲೆ ಕೆಲಸ ಬಿಟ್ಟು ಕುಂದಾಪುರಕ್ಕೆ ಮರಳಿದರೂ ಅವನ ಮೊಬೈಲಿನಲ್ಲಿ ಹೋಟೆಲಿನ ಪಾಸ್‌ವರ್ಡುಗಳು ಇದ್ದೇ ಇರುತ್ತವೆ. ಅವನು ಸೈನ್ ಔಟ್ ಆಗದೆ ಹೋಗಿದ್ದರೆ ಅವನ ಮನೆಯ ಖಾತೆಗಳ ಪಾಸ್‌ವರ್ಡುಗಳು ಇಲ್ಲಿ ಹೊಸ ಮ್ಯಾನೇಜರಿನ ಕಣ್ಣಿಗೆ ಬೀಳುತ್ತವೆ. ವ್ಯವಹಾರಕ್ಕೆ ಬೇರೆಯೇ ಒಂದು ಖಾತೆ ಇರಲಿ, ಅದು ಧಣಿಗಳ ಹೆಸರಿನಲ್ಲಿರಲಿ. ಯಾರಾದರೂ ಕೆಲಸ ಬಿಟ್ಟ ದಿನ ಅವರಿಗೆ ಗೊತ್ತಿದ್ದ ಪಾಸ್‌ವರ್ಡುಗಳನ್ನು ಬದಲಿಸಿ. ಇದು ಅಪನಂಬಿಕೆಯಲ್ಲ. ಮುಂದೆ ಏನಾದರೂ ಹೆಚ್ಚುಕಡಿಮೆಯಾದರೆ ಆ ಹುಡುಗನ ಮೇಲೆ ಸುಮ್ಮನೆ ಅನುಮಾನ ಬರದಿರಲಿ ಎಂಬುದಕ್ಕೂ ಇದು ಬೇಕು.

ಎದುರು ಬಾರದ ಕಳ್ಳ

ದೊಡ್ಡ ಅಪಾಯ ಇರುವುದು ಮಾಹಿತಿ ಕದಿಯಲೆಂದೇ ಬರೆದ ತಂತ್ರಾಂಶಗಳಿಂದ. ಇವುಗಳನ್ನು ಇನ್ಫೋಸ್ಟೀಲರ್ ಎನ್ನುತ್ತಾರೆ. ರೆಡ್‌ಲೈನ್, ವಿಡಾರ್, ಲುಮ್ಮಾ ಇವೆಲ್ಲ ಅಂಥವು. ಮಾಡಿದವರು ಒಬ್ಬರು, ತಿಂಗಳ ಬಾಡಿಗೆಗೆ ಪಡೆದು ಹರಡುವವರು ಇನ್ನೊಬ್ಬರು. 2024ರ ಅಕ್ಟೋಬರಿನಲ್ಲಿ ನೆದರ್‌ಲ್ಯಾಂಡ್ಸ್ ಪೊಲೀಸರು ಬೇರೆ ದೇಶಗಳವರೊಂದಿಗೆ ಸೇರಿ 'ಆಪರೇಷನ್ ಮ್ಯಾಗ್ನಸ್' ಹೆಸರಿನಲ್ಲಿ ರೆಡ್‌ಲೈನ್ ಮತ್ತು ಮೆಟಾ ಎಂಬ ಎರಡು ಕಳ್ಳ ತಂತ್ರಾಂಶಗಳ ಸರ್ವರುಗಳನ್ನು ವಶಪಡಿಸಿಕೊಂಡರು. 2025ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಮತ್ತು ಅಮೆರಿಕದ ನ್ಯಾಯಾಂಗ ಇಲಾಖೆ ಲುಮ್ಮಾದ ಜಾಲಕ್ಕೆ ಪೆಟ್ಟು ಕೊಟ್ಟವು. ಅದಕ್ಕೆ ಮೊದಲಿನ ಎರಡೇ ತಿಂಗಳಲ್ಲಿ ಜಗತ್ತಿನಾದ್ಯಂತ 3,94,000ಕ್ಕೂ ಹೆಚ್ಚು ವಿಂಡೋಸ್ ಯಂತ್ರಗಳಲ್ಲಿ ಲುಮ್ಮಾ ಕಂಡುಬಂದಿತ್ತು ಎಂದು ಮೈಕ್ರೋಸಾಫ್ಟ್ ಹೇಳಿತು.

ಇವು ಬರುವ ದಾರಿ ನಮಗೆ ಚಿರಪರಿಚಿತ. ಸಂಘದ ಸ್ಮರಣ ಸಂಚಿಕೆಗೆ ಪುಟ ಕಟ್ಟುವ ಹುಡುಗ ದುಬಾರಿ ವಿನ್ಯಾಸ ತಂತ್ರಾಂಶವನ್ನು ಪುಕ್ಕಟೆ ಕೊಡುತ್ತೇವೆನ್ನುವ ತಾಣದಿಂದ ಇಳಿಸಿಕೊಳ್ಳುತ್ತಾನೆ. ಅದನ್ನು ಸ್ಥಾಪಿಸುವ ಮೊದಲು ಆ್ಯಂಟಿವೈರಸ್ ನಿಲ್ಲಿಸಿ ಎಂಬ ಸೂಚನೆ ಅಲ್ಲೇ ಇರುತ್ತದೆ, ಅವನು ನಿಲ್ಲಿಸುತ್ತಾನೆ. ತಂತ್ರಾಂಶ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಸಂಚಿಕೆಯೂ ಹೊರಬರುತ್ತದೆ. ಜೊತೆಗೆ ಹೊಕ್ಕಿದ್ದು ಮಾತ್ರ ಒಂದೆರಡು ನಿಮಿಷದಲ್ಲೇ ತನ್ನ ಕೆಲಸ ಮುಗಿಸಿ ಹೋಗಿರುತ್ತದೆ.

ಈಚೆಗೆ ಇನ್ನೊಂದು ಬಗೆ ಹೆಚ್ಚಾಗಿದೆ. ಇದನ್ನು ಮನೆಯವರಿಗೆಲ್ಲ ತಿಳಿಸಿ ಹೇಳಿ. ಯಾವುದೋ ಪುಟ ತೆರೆದಾಗ 'ನಾನು ರೋಬಾಟ್ ಅಲ್ಲ' ಎಂಬ ಪರೀಕ್ಷೆ ಬರುತ್ತದೆ. ಎಂದಿನಂತೆ ಚಿತ್ರಗಳನ್ನು ಆರಿಸುವ ಬದಲು, ವಿಂಡೋಸ್ ಗುಂಡಿಯನ್ನು ಆರ್ ಜೊತೆ ಒತ್ತಿ, ಆಮೇಲೆ ಕಂಟ್ರೋಲ್ ಮತ್ತು ವಿ ಒತ್ತಿ, ಕೊನೆಗೆ ಎಂಟರ್ ಒತ್ತಿ ಎನ್ನುತ್ತದೆ. ಮೂರೂ ನಿರುಪದ್ರವಿ ಗುಂಡಿಗಳಂತೆ ಕಾಣುತ್ತವೆ. ನಡೆಯುವುದು ಹೀಗೆ: ಪುಟ ಆಗಲೇ ನಿಮ್ಮ ಕ್ಲಿಪ್‌ಬೋರ್ಡಿಗೆ ಒಂದು ಆದೇಶವನ್ನು ಗುಟ್ಟಾಗಿ ನಕಲಿಸಿರುತ್ತದೆ. ಮೊದಲ ಒತ್ತು ವಿಂಡೋಸ್‌ನ ರನ್ ಪೆಟ್ಟಿಗೆಯನ್ನು ತೆರೆಯುತ್ತದೆ, ಎರಡನೆಯದು ಆ ಆದೇಶವನ್ನು ಅಲ್ಲಿ ಅಂಟಿಸುತ್ತದೆ, ಮೂರನೆಯದು ಅದನ್ನು ಓಡಿಸುತ್ತದೆ. ಕಳ್ಳ ತಂತ್ರಾಂಶವನ್ನು ಕರೆತಂದದ್ದು ನೀವೇ ಆದ್ದರಿಂದ ಬ್ರೌಸರಿನ ಎಚ್ಚರಿಕೆಗಳಾವುವೂ ಮೊಳಗುವುದಿಲ್ಲ. ಯಾವ ಪ್ರಾಮಾಣಿಕ ಜಾಲತಾಣವೂ ನಿಮ್ಮನ್ನು ರನ್ ಪೆಟ್ಟಿಗೆಗೆ ಕಳುಹಿಸುವುದಿಲ್ಲ.

ಒಳಗೆ ಬಂದದ್ದು ಪಾಸ್‌ವರ್ಡ್ ಕಡತ, ಕೀಲಿಕೈ, ಕುಕೀಗಳು, ತಾನಾಗಿ ತುಂಬಿಕೊಳ್ಳಲೆಂದು ಉಳಿಸಿದ ವಿಳಾಸ ಮತ್ತು ಕಾರ್ಡ್ ವಿವರ ಎಲ್ಲವನ್ನೂ ಗಂಟು ಕಟ್ಟಿ ಕಳುಹಿಸುತ್ತದೆ. ಈ ಗಂಟಿಗೆ ಅವರ ಮಾರುಕಟ್ಟೆಯಲ್ಲಿ 'ಲಾಗ್' ಎನ್ನುತ್ತಾರೆ. ಟೆಲಿಗ್ರಾಂ ಗುಂಪುಗಳಲ್ಲಿ ಇವು ರಾಶಿ ರಾಶಿಯಾಗಿ ಮಾರಾಟವಾಗುತ್ತವೆ. ಕೊಂಡವನು ಇವತ್ತೇ ಬಳಸಬೇಕೆಂದಿಲ್ಲ. 2024ರಲ್ಲಿ ಸ್ನೋಫ್ಲೇಕ್ ಎಂಬ ದತ್ತಾಂಶ ಸಂಗ್ರಹ ಸೇವೆಯ ಗ್ರಾಹಕ ಸಂಸ್ಥೆಗಳ ಮೇಲೆ ದಾಳಿ ನಡೆದಾಗ, ಮ್ಯಾಂಡಿಯಂಟ್ ಎಂಬ ಸೈಬರ್ ಭದ್ರತಾ ಸಂಸ್ಥೆಯ ತನಿಖೆಯಲ್ಲಿ ಸುಮಾರು 165 ಸಂಸ್ಥೆಗಳು ಅಪಾಯಕ್ಕೆ ಒಡ್ಡಿಕೊಂಡಿದ್ದವು ಎಂದು ಗೊತ್ತಾಯಿತು. ಬಳಕೆಯಾದ ಪಾಸ್‌ವರ್ಡುಗಳು ಇಂಥ ಲಾಗ್‌ಗಳಿಂದಲೇ ಬಂದವು, ಅವುಗಳಲ್ಲಿ 2020ರ ನವೆಂಬರಿನಷ್ಟು ಹಿಂದೆ ಕದ್ದದ್ದೂ ಇತ್ತು. ಮೂರು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಯಾರೂ ಬದಲಿಸಿರಲಿಲ್ಲ, ಒಟಿಪಿಯಂಥ ಎರಡನೆಯ ಹಂತದ ಪರಿಶೀಲನೆಯೂ ಆ ಖಾತೆಗಳಿಗೆ ಇರಲಿಲ್ಲ.

ಒಟಿಪಿ ಇದೆಯಲ್ಲ, ಪಾಸ್‌ವರ್ಡ್ ಹೋದರೇನಾಯಿತು ಎಂದು ಕೇಳಬಹುದು. ಒಟಿಪಿ ಬೇಕೇ ಬೇಕು. ಆದರೆ ಮೇಲಿನ ಗಂಟಿನಲ್ಲಿ ಕುಕೀಗಳೂ ಇವೆ ಎಂಬುದನ್ನು ಗಮನಿಸಿ. ನೀವು ಒಮ್ಮೆ ಪಾಸ್‌ವರ್ಡ್, ಒಟಿಪಿ ಎರಡನ್ನೂ ಕೊಟ್ಟು ಒಳಗೆ ಹೋದ ಮೇಲೆ, ಇವರನ್ನು ಪರಿಶೀಲಿಸಿ ಆಗಿದೆ ಎಂದು ಜಾಲತಾಣ ಬ್ರೌಸರಿಗೆ ಕೊಡುವ ಚೀಟಿಯೇ ಲಾಗಿನ್ ಕುಕೀ. ಅದನ್ನು ತನ್ನ ಬ್ರೌಸರಿಗೆ ಹಾಕಿಕೊಂಡವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಬ್ಯಾಂಕುಗಳ ತಾಣಗಳು ಕೆಲವೇ ನಿಮಿಷ ಸುಮ್ಮನಿದ್ದರೂ ಹೊರಗೆ ಹಾಕುವುದರಿಂದ ಅಲ್ಲಿ ಈ ಅಪಾಯ ಕಡಿಮೆ. ತಿಂಗಳುಗಟ್ಟಲೆ ಲಾಗಿನ್ ಆಗಿಯೇ ಇರುವ ಇ-ಮೇಲಿಗೆ, ಸಾಮಾಜಿಕ ಜಾಲತಾಣಗಳಿಗೆ ಹೆಚ್ಚು.

ಬ್ರೌಸರಿನ ಎಕ್ಸ್‌ಟೆನ್ಷನ್‌ಗಳನ್ನೂ, ಅಂದರೆ ಬ್ರೌಸರಿಗೆ ನಾವು ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂಗಳನ್ನೂ, ಇಲ್ಲೇ ಹೇಳಿಬಿಡುತ್ತೇನೆ. 'ಎಲ್ಲ ಜಾಲತಾಣಗಳಲ್ಲಿನ ನಿಮ್ಮ ದತ್ತಾಂಶವನ್ನು ಓದಿ ಬದಲಿಸುವ' ಅನುಮತಿ ಪಡೆದದ್ದು ಪುಟದಲ್ಲಿ ತುಂಬಿಕೊಂಡ ಪಾಸ್‌ವರ್ಡನ್ನೂ ಓದಬಲ್ಲದು. ಕೂಪನ್ ಹುಡುಕುವುದಕ್ಕೆ, ಪಿಡಿಎಫ್ ಬದಲಿಸುವುದಕ್ಕೆ ಎಂದು ಒಮ್ಮೆ ಹಾಕಿ ಮರೆತವನ್ನು ತೆಗೆದುಹಾಕಿ.

ಹಾಗಾದರೆ ಉಳಿಸುವುದೇ ಬೇಡವೇ?

ಇಷ್ಟೆಲ್ಲ ಓದಿದ ಮೇಲೆ ಬ್ರೌಸರಿನಿಂದ ಎಲ್ಲವನ್ನೂ ಅಳಿಸಿ, ಎಲ್ಲ ಕಡೆಗೂ ನೆನಪಿನಲ್ಲಿ ಉಳಿಯುವ ಒಂದೇ ಪಾಸ್‌ವರ್ಡ್ ಇಟ್ಟುಕೊಳ್ಳೋಣ ಎನಿಸಿದರೆ, ದಯವಿಟ್ಟು ಹಾಗೆ ಮಾಡಬೇಡಿ. ಯಾವುದೋ ಒಂದು ಅಂಗಡಿಯ ತಾಣದಿಂದ ಸೋರಿದ ಪಾಸ್‌ವರ್ಡನ್ನು ನೂರಾರು ಬೇರೆ ತಾಣಗಳಲ್ಲಿ ಯಂತ್ರಗಳ ಮೂಲಕ ಪ್ರಯತ್ನಿಸಿ ನೋಡುವುದು ಕಳ್ಳರ ನಿತ್ಯದ ಕಾಯಕ. ತಾಣಕ್ಕೊಂದು ಬೇರೆಯೇ ಉದ್ದನೆಯ ಪಾಸ್‌ವರ್ಡ್ ಬೇಕು. ಅಷ್ಟನ್ನು ನೆನಪಿಡುವುದು ಮನುಷ್ಯರಿಂದಾಗದು, ಬ್ರೌಸರಿನಿಂದ ಆಗುತ್ತದೆ.

ಬ್ರೌಸರ್ ಮಾಡುವ ಇನ್ನೊಂದು ಉಪಕಾರ ಬಹಳ ಜನರ ಗಮನಕ್ಕೆ ಬಂದಿಲ್ಲ. ಅದು ಪಾಸ್‌ವರ್ಡನ್ನು ಜಾಲತಾಣದ ವಿಳಾಸದೊಂದಿಗೆ ಸೇರಿಸಿ ಇಡುತ್ತದೆ. ವಿದ್ಯುತ್ ಬಿಲ್ಲು ಬಾಕಿ ಇದೆ, ಇಂದು ರಾತ್ರಿ ಸಂಪರ್ಕ ಕಡಿದುಹಾಕುತ್ತೇವೆ ಎಂಬ ಸಂದೇಶ ಮುಂಬಯಿಯಲ್ಲಿ ಎಷ್ಟು ಜನರಿಗೆ ಬಂದಿಲ್ಲ? ಕೊಂಡಿಯನ್ನು ಒತ್ತಿದರೆ ಥೇಟ್ ಕಂಪನಿಯದೇ ಪುಟ. ನಮ್ಮ ಕಣ್ಣು ಬಣ್ಣ, ಲಾಂಛನಗಳನ್ನು ನೋಡಿ ಮೋಸಹೋಗುತ್ತದೆ. ಬ್ರೌಸರ್ ನೋಡುವುದು ವಿಳಾಸವನ್ನು ಮಾತ್ರ. ಒಂದು ಅಕ್ಷರ ಆಚೀಚೆಯಾದರೂ ಅದು ಪಾಸ್‌ವರ್ಡ್ ತುಂಬುವುದಿಲ್ಲ. ಎಂದೂ ತಾನಾಗಿ ತುಂಬುವಲ್ಲಿ ಇವತ್ತು ತುಂಬದಿದ್ದರೆ ಕೈಯಿಂದ ಬರೆಯಲು ಹೋಗಬೇಡಿ, ಮೊದಲು ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿ.

ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ ನಿವೃತ್ತರಾಗಿ ಮನೆಯಲ್ಲಿರುವ ಹಿರಿಯರು ಪಾಸ್‌ವರ್ಡುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರೆ ನಾನು ಅದನ್ನು ಬಿಡಿಸಲು ಹೋಗುವುದಿಲ್ಲ. ದೂರದ ದೇಶದಲ್ಲಿ ಕೂತ ಕಳ್ಳ ಆ ನೋಟ್‌ಬುಕ್ಕನ್ನು ತೆರೆಯಲಾರ. ಆದರೆ ವಾಟ್ಸ್‌ಆ್ಯಪ್‌ನಲ್ಲಿ ತಮಗೆ ತಾವೇ ಕಳುಹಿಸಿಕೊಂಡ ಪಟ್ಟಿ, 'ಪಾಸ್‌ವರ್ಡ್' ಎಂದೇ ಹೆಸರಿಟ್ಟ ಎಕ್ಸೆಲ್ ಕಡತ, ಇವೆರಡನ್ನೂ ಇಂದೇ ಅಳಿಸಿಸುತ್ತೇನೆ.

ನನ್ನ ತೀರ್ಮಾನ ಇಷ್ಟು. ಸಾಮಾನ್ಯ ಖಾತೆಗಳ ಪಾಸ್‌ವರ್ಡ್ ಬ್ರೌಸರಿನಲ್ಲಿರಲಿ. ಎರಡು ಮಾತ್ರ ಅಲ್ಲಿ ಬೇಡ: ಬ್ಯಾಂಕಿನದು ಮತ್ತು ಮುಖ್ಯ ಇ-ಮೇಲಿನದು. ಬೇರೆಲ್ಲ ಖಾತೆಗಳ ಪಾಸ್‌ವರ್ಡ್ ಮರೆತರೆ ಹೊಸದು ಬರುವುದು ಇ-ಮೇಲಿಗೇ. ಅದು ಕೈತಪ್ಪಿದರೆ ಉಳಿದವು ತಾವಾಗಿ ಕೈತಪ್ಪುತ್ತವೆ.

ಹತ್ತಾರು ಮುಖ್ಯ ಖಾತೆಗಳಿರುವ ಕಚೇರಿಗೆ ಬಿಟ್‌ವಾರ್ಡನ್, ಕೀಪಾಸ್‌ನಂಥ ಪ್ರತ್ಯೇಕ ಪಾಸ್‌ವರ್ಡ್ ಭಂಡಾರ ಒಳ್ಳೆಯದು. ವ್ಯತ್ಯಾಸ ಇಷ್ಟೇ: ಇದನ್ನು ತೆರೆಯುವ ಪಾಸ್‌ವರ್ಡ್ ಡಿಸ್ಕಿನ ಮೇಲೆ ಎಲ್ಲೂ ಇರುವುದಿಲ್ಲ, ಸ್ವಲ್ಪ ಹೊತ್ತು ಬಳಸದಿದ್ದರೆ ಭಂಡಾರ ತಾನೇ ಮುಚ್ಚಿಕೊಳ್ಳುವಂತೆ ಮಾಡಬಹುದು. ತೆರೆದಿರುವಾಗ ಯಂತ್ರದಲ್ಲಿ ಕಳ್ಳ ತಂತ್ರಾಂಶವಿದ್ದರೆ ಇದೂ ಪೂರ್ತಿ ಕಾಪಾಡದು. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಇಂಥ ಸೇವೆಯಿಂದ ಗ್ರಾಹಕರ ಭಂಡಾರಗಳ ಪ್ರತಿಗಳೇ ಕಳುವಾದವು. ಪಾಸ್‌ವರ್ಡುಗಳು ಗೂಢಲಿಪಿಯಲ್ಲಿದ್ದವು, ಜಾಲತಾಣಗಳ ವಿಳಾಸಗಳು ಮಾತ್ರ ಗೂಢಲಿಪಿಯಲ್ಲಿರಲಿಲ್ಲ. ಅಂಥ ಹೊತ್ತಿನಲ್ಲಿ ಕಾಯುವುದು ಮುಖ್ಯ ಪಾಸ್‌ವರ್ಡಿನ ಉದ್ದ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ನೆನಪಿಗೂ ಸುಲಭ, ಊಹಿಸಲೂ ಕಷ್ಟ. ಗಾದೆ, ದಾಸರ ಪದ, ಊರಿನ ಹೆಸರು ಬೇಡ.

ಬ್ರೌಸರಿನಿಂದ ಭಂಡಾರಕ್ಕೆ ಸಾಗಿಸುವಾಗ ಒಂದು ಎಚ್ಚರ ಬೇಕು. ಬ್ರೌಸರ್ ಎಲ್ಲ ಪಾಸ್‌ವರ್ಡುಗಳನ್ನು ಸಿಎಸ್‌ವಿ ಕಡತವಾಗಿ ಇಳಿಸಿಕೊಡುತ್ತದೆ. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ತಾಣ, ಹೆಸರು, ಪಾಸ್‌ವರ್ಡ್ ಸಾಲು ಸಾಲಾಗಿ, ಯಾವ ಮರೆಯೂ ಇಲ್ಲದೆ ಕಾಣುತ್ತವೆ. ಕೆಲಸ ಮುಗಿದ ತಕ್ಷಣ ಡೌನ್‌ಲೋಡ್ಸ್ ಫೋಲ್ಡರಿನಿಂದಲೂ ಕಸದ ಬುಟ್ಟಿಯಿಂದಲೂ ಅಳಿಸಿ, ಆಮೇಲೆ ಬ್ರೌಸರಿನ ಹಳೆಯ ಪಟ್ಟಿಯನ್ನೂ ಅಳಿಸಿ. ಇ-ಮೇಲಿನಲ್ಲಿ ಎಂದಿಗೂ ಕಳುಹಿಸಬೇಡಿ.

ಪಾಸ್‌ವರ್ಡಿನ ಬದಲಿಗೆ ಬಳಸುವ ಪಾಸ್‌ಕೀ ಎಂಬುದನ್ನು ಕೆಲವು ತಾಣಗಳು ಈಗ ಕೊಡುತ್ತಿವೆ. ಆಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ 2022ರಲ್ಲಿ ಒಟ್ಟಾಗಿ ಇದನ್ನು ಬೆಂಬಲಿಸಿದವು. ಇದರಲ್ಲಿ ತಾಣದ ಬಳಿ ಇರುವುದು ಒಂದು ಸಾರ್ವಜನಿಕ ಕೀಲಿಕೈ ಮಾತ್ರ, ಗುಟ್ಟಿನ ಜೋಡಿ ನಿಮ್ಮ ಬಳಿ ಇರುತ್ತದೆ. ನಕಲಿ ತಾಣಕ್ಕೆ ಅದು ಉತ್ತರಿಸುವುದೇ ಇಲ್ಲ. ಸಿಕ್ಕಲ್ಲಿ ಬಳಸಿ. ಕುಕೀ ಕಳವಿಗೆ ಮಾತ್ರ ಇದೂ ಮದ್ದಲ್ಲ.

ಸ್ಟೇಷನ್ನು, ಲೋಕಲ್ಲು

ಘಾಟ್ಕೋಪರ್, ಡೊಂಬಿವಲಿಯಂಥ ಸ್ಟೇಷನ್‌ಗಳ ಹೊರಗಿನ ಝೆರಾಕ್ಸ್ ಅಂಗಡಿಯಲ್ಲಿ ಒಂದು ಅರ್ಜಿ ಮುದ್ರಿಸಬೇಕೆಂದು ಅಲ್ಲಿನ ಯಂತ್ರದಲ್ಲಿ ನಿಮ್ಮ ಇ-ಮೇಲಿಗೆ ಲಾಗಿನ್ ಆಗಬೇಡಿ. ಹಿಂದೆ ಜನ ನಿಂತಿರುವ ಅವಸರದಲ್ಲಿ 'ಉಳಿಸಲೇ' ಎಂಬ ಪ್ರಶ್ನೆಗೆ ಕೈ ಹೌದು ಎಂದುಬಿಡುತ್ತದೆ. ಬೇಕಾದ ಕಡತವನ್ನು ನಿಮ್ಮ ಮೊಬೈಲಿನಿಂದ ಅಂಗಡಿಯವರಿಗೆ ಕಳುಹಿಸಿ.

ಮೊಬೈಲಿನ ವಿಚಾರದಲ್ಲಿ ಲೋಕಲ್ ರೈಲಿನ ಜನಜಂಗುಳಿಯನ್ನು ಮರೆಯುವಂತಿಲ್ಲ. ಅಲ್ಲಿ ಪಕ್ಕದವರು ನಿಮ್ಮ ಪಿನ್ ನೋಡುವುದಕ್ಕೆ ಪ್ರಯತ್ನವನ್ನೇ ಪಡಬೇಕಿಲ್ಲ. ಪಿನ್ ನೋಡಿಕೊಂಡು ಮೊಬೈಲ್ ಎಗರಿಸಿದವನಿಗೆ ಅದರಲ್ಲಿ ಉಳಿಸಿದ ಪಾಸ್‌ವರ್ಡುಗಳೂ ಅದೇ ಪಿನ್‌ನಿಂದ ತೆರೆಯಬಹುದು. ಇದಕ್ಕೆ ಆಪಲ್ 2024ರ ಜನವರಿಯಲ್ಲಿ ಐಒಎಸ್ 17.3ರೊಂದಿಗೆ 'ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್' ತಂದಿತು. ಮನೆ, ಕಚೇರಿಯಂಥ ಪರಿಚಿತ ಜಾಗದ ಹೊರಗೆ ಪಾಸ್‌ವರ್ಡ್ ನೋಡಲು ಪಿನ್ ಸಾಲದು, ಮುಖವೋ ಬೆರಳೋ ಬೇಕು. ಗೂಗಲ್ 2025ರ ಜನವರಿಯಿಂದ ಕೆಲವು ಆಂಡ್ರಾಯ್ಡ್ ಮೊಬೈಲುಗಳಿಗೆ 'ಐಡೆಂಟಿಟಿ ಚೆಕ್' ಎಂಬ ಇಂಥದೇ ಸೌಲಭ್ಯ ಕೊಡುತ್ತಿದೆ. ನಿಮ್ಮದರಲ್ಲಿ ಇದ್ದರೆ ಚಾಲೂ ಮಾಡಿ. ಇಲ್ಲದಿದ್ದರೆ ರೈಲಿನಲ್ಲಿ ಬೆರಳಚ್ಚಿನಿಂದಲೇ ತೆರೆಯುವ ಅಭ್ಯಾಸ ಮಾಡಿಕೊಳ್ಳಿ.

ಕಳುವಾಗಿದೆ ಎಂಬ ಅನುಮಾನ ಬಂದರೆ

ಇಲ್ಲಿ ಕ್ರಮ ತಪ್ಪಿದರೆ ಪಟ್ಟ ಶ್ರಮವೆಲ್ಲ ನೀರುಪಾಲು. ಸೋಂಕು ತಗಲಿದ ಯಂತ್ರದಲ್ಲೇ ಕೂತು ಪಾಸ್‌ವರ್ಡ್ ಬದಲಿಸಿದರೆ ಹೊಸದೂ ಕಳ್ಳನಿಗೇ ಹೋಗಬಹುದು. ಮೊದಲು ಆ ಯಂತ್ರದ ಇಂಟರ್‌ನೆಟ್ ಸಂಪರ್ಕ ತೆಗೆಯಿರಿ. ಬೇರೊಂದು ಶುದ್ಧ ಯಂತ್ರದಿಂದಲೋ ಮೊಬೈಲಿನಿಂದಲೋ ಇ-ಮೇಲಿನ ಪಾಸ್‌ವರ್ಡ್ ಬದಲಿಸಿ, ಖಾತೆಯ ಭದ್ರತಾ ಪುಟದಲ್ಲಿ ಉಳಿದ ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿ. ಕದ್ದ ಕುಕೀ ನಿಷ್ಪ್ರಯೋಜಕವಾಗುವುದು ಹೀಗೆ ಸೈನ್ ಔಟ್ ಮಾಡುವುದರಿಂದ, ಬಹಳ ಜನ ಬಿಟ್ಟುಬಿಡುವುದೂ ಇದನ್ನೇ. ಇ-ಮೇಲಿನಲ್ಲಿ ನಿಮಗೆ ತಿಳಿಯದಂತೆ ಬೇರೆಡೆಗೆ ಪತ್ರ ರವಾನಿಸುವ ನಿಯಮವನ್ನು ಯಾರಾದರೂ ಹಾಕಿದ್ದಾರೆಯೇ, ಖಾತೆ ಮರಳಿ ಪಡೆಯುವ ಮೊಬೈಲ್ ಸಂಖ್ಯೆ ಇನ್ನೂ ನಿಮ್ಮದೇ ಆಗಿದೆಯೇ ಎಂದು ನೋಡಿ. ಆಮೇಲೆ ಬ್ಯಾಂಕು, ನಂತರ ಉಳಿದವು.

ಹಣ ಹೋಗಿದ್ದರೆ ಇದಾವುದಕ್ಕೂ ಕಾಯದೆ ಮೊದಲು 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಖಾತೆಯಿಂದ ಖಾತೆಗೆ ಹಾರಿಹೋಗುವ ಮೊದಲೇ ತಡೆಹಿಡಿಯಲು ಸಾಧ್ಯವಾಗುವುದು ಬೇಗ ತಿಳಿಸಿದಾಗ ಮಾತ್ರ. ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು.

ಸೋಂಕಿದ ಯಂತ್ರಕ್ಕೆ ಆ್ಯಂಟಿವೈರಸ್ ಓಡಿಸಿ ಸುಮ್ಮನಾಗುವುದು ನನಗೆ ಒಪ್ಪಿಗೆಯಿಲ್ಲ. ಬೇಕಾದ ದಾಖಲೆ, ಚಿತ್ರಗಳನ್ನು ಮಾತ್ರ ಹೊರತೆಗೆದು ವಿಂಡೋಸ್ ಅನ್ನು ಹೊಸದಾಗಿ ಹಾಕಿ. ಇಳಿಸಿಟ್ಟ ತಂತ್ರಾಂಶಗಳ ಹಳೆಯ ಪ್ರತಿಗಳನ್ನು ಮತ್ತೆ ಒಳಗೆ ತರಬೇಡಿ. ಪಟ್ಟಿಯಲ್ಲಿದ್ದ ಪಾಸ್‌ವರ್ಡುಗಳೆಲ್ಲ ಬದಲಾದ ಮೇಲೆಯೇ ಆ ಯಂತ್ರದ ಬ್ರೌಸರಿಗೆ ನಿಮ್ಮ ಖಾತೆಯಿಂದ ಮತ್ತೆ ಸೈನ್ ಇನ್ ಆಗಿ.